ಒಂದೇ ಪದರದ ಅರಮನೆ

ನಾನು ಭೀಮಸಮುದ್ರಕ್ಕೆ ಹೆಣ್ಣು ನೋಡಲು ಹೋದದ್ದು ಹನ್ನೊಂದು ವರ್ಷಗಳ ಹಿಂದೆ, ಒಂದು ಭಾನುವಾರ ಬೆಳಿಗ್ಗೆ ಹತ್ತೂವರೆಗೆ. ಆದರೆ ಅಂದು ನಾನು ಮೊದಲು ನೋಡಿದ್ದು ಹೆಣ್ಣನ್ನಲ್ಲ, ಹೆಣ್ಣಿನ ತಾಯಿಯನ್ನು. ಪಡಸಾಲೆಯ ಕಂಬಕ್ಕೆ ಒರಗಿ, ಕಾಲು ಚಾಚಿ, ಮಡಿಲಲ್ಲಿ ಎಲೆ ಅಡಿಕೆಯ ಸಂಚಿ ಇಟ್ಟುಕೊಂಡು ಅವರು ಕುಳಿತಿದ್ದರು. ಹಸಿರು ಸೀರೆ, ಕಂದು ಅಂಚು. ಬಲಗೈಯಲ್ಲಿ ಹಿತ್ತಾಳೆ ಹಿಡಿಯ ಅಡಕತ್ತರಿ. ನಾನು ಹೊಸ್ತಿಲು ದಾಟುವುದಕ್ಕೂ ಅದರ ಬಾಯಲ್ಲಿ ಒಂದು ಅಡಿಕೆ 'ಕಟಕ್' ಎಂದು ಎರಡು ಹೋಳಾಗುವುದಕ್ಕೂ ಸರಿಹೋಯಿತು. (ಆ ಶಕುನದ ಅರ್ಥ ಆಗ ನನಗೆ ತಿಳಿಯಲಿಲ್ಲ.)

ಅವರ ಹೆಸರು ಏಕನಾಥಮ್ಮ. ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ನಾನೋ, ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದ ಮೊದಲನೆಯವನು. ನನ್ನಪ್ಪ ಪಕ್ಕದಲ್ಲಿ ಕುಳಿತು, ಕೇಳಿದವರಿಗೂ ಕೇಳದವರಿಗೂ "ನಮ್ ಹುಡುಗ ಬಿ.ಎಸ್ಸಿ., ಬಿ.ಎಡ್., ಹೊಸದುರ್ಗದಾಗೆ ಹೈಸ್ಕೂಲ್ ಮೇಷ್ಟ್ರು" ಎಂದು ಹೇಳುತ್ತಲೇ ಇದ್ದ. ಮಂಡಕ್ಕಿ, ಮೆಣಸಿನಕಾಯಿ ಮುಗಿದು ಕಾಫಿ ಬಂತು.

"ಅದೇನು ಪಾಠ ಮಾಡ್ತೀರಿ ಮೇಷ್ಟ್ರೆ?" ಎಂದರು ಏಕನಾಥಮ್ಮ.

"ವಿಜ್ಞಾನ."

"ಒಂದಿಷ್ಟು ಹೇಳ್ರಿ ಮತ್ತೆ, ಕೇಳಾಣ."

ಬೇರೆ ವರನಾಗಿದ್ದರೆ ನಕ್ಕು ಸುಮ್ಮನಾಗುತ್ತಿದ್ದ. ನಾನು ಶ್ರದ್ಧಾವಂತ. ಬಿಸಿ ಕಾಫಿಯ ಲೋಟದ ಮೇಲೆ ಮಂಡಕ್ಕಿ ತಿಂದ ತಟ್ಟೆಯನ್ನು ಮುಚ್ಚಿದೆ. ಐದು ನಿಮಿಷ ಬಿಟ್ಟು ಎತ್ತಿ ತಿರುಗಿಸಿದೆ. ತಟ್ಟೆಯ ತಳದಲ್ಲಿ ಹನಿಗಳು. "ನೋಡಿ, ಇದು ಹೊರಗಿನಿಂದ ಬಂದ ನೀರಲ್ಲ. ಕಾಫಿಯ ಆವಿ ಮೇಲಕ್ಕೆ ಹೋಗಿ, ತಣ್ಣನೆಯ ತಟ್ಟೆಗೆ ತಾಗಿ, ಮತ್ತೆ ನೀರಾಯಿತು. ಇದೇ ಸಾಂದ್ರೀಕರಣ" ಎಂದು ಇಪ್ಪತ್ತು ನಿಮಿಷ ವಿವರಿಸಿದೆ. ಕಾಫಿ ತಣ್ಣಗಾಯಿತು. ಅಪ್ಪ ತಲೆ ತಗ್ಗಿಸಿದ. ಅಡುಗೆಮನೆ ಬಾಗಿಲಿನಿಂದ ಯಾರೋ ಕಿಸಕ್ಕನೆ ನಕ್ಕರು. ಅವಳೇ ಶಿವಗಂಗಾ, ಈಗ ನನ್ನ ಹೆಂಡತಿ. ಏಕನಾಥಮ್ಮ ಮಾತ್ರ ಅಡಕತ್ತರಿ ಕೆಳಗಿಟ್ಟು ಪೂರ್ತಿ ಕೇಳಿದರು.

"ಮೇಷ್ಟ್ರು ಮುಚ್ಚಳದ ನೀರಿನ ಕತೆ ಚೆನ್ನಾಗಿ ಹೇಳ್ತಾರೆ. ನಂಗೆ ಒಪ್ಪಿಗೆ ಐತೆ," ಎಂದರು. ಹುಡುಗಿಯ ಒಪ್ಪಿಗೆಯನ್ನು ಆಮೇಲೆ ಕೇಳಲಾಯಿತು.

ಹೀಗೆ ಒಂದು ಲೋಟ ಕಾಫಿಯ ಆವಿಯಿಂದ ನನ್ನ ಸಂಸಾರ ಸಾಂದ್ರೀಕರಣಗೊಂಡಿತು. ಅದೇ ಆವಿ ಹನ್ನೊಂದು ವರ್ಷಗಳ ನಂತರ ನನ್ನ ತಲೆಯ ಮೇಲೆ ತೊಟ್ಟಿಕ್ಕಿದ ಕತೆಯನ್ನೇ ಈಗ ಹೇಳಹೊರಟಿದ್ದೇನೆ.

ನನಗೊಬ್ಬ ಷಡ್ಡಕನಿದ್ದಾನೆ. ಹೆಸರು ರಾಜಕುಮಾರ್. ನನ್ನ ನಾದಿನಿ ಪಲ್ಲವಿಯ ಗಂಡ. ಚಿತ್ರದುರ್ಗದಲ್ಲಿ ಜೆಸಿಬಿ ಬಾಡಿಗೆಗೆ ಬಿಡುತ್ತಾನೆ. ಕೆಟ್ಟವನಲ್ಲ; ಆದರೆ ವರ್ಷಕ್ಕೊಮ್ಮೆ ಹೆಂಡತಿಯನ್ನು ರೆಸಾರ್ಟಿಗೆ ಕರೆದುಕೊಂಡು ಹೋಗುತ್ತಾನೆ, ಹೋದವನು ಸುಮ್ಮನಿರದೆ ಫೋಟೋ ತೆಗೆಯುತ್ತಾನೆ, ತೆಗೆದವನು ದೀಪಾವಳಿಗೆ ಭೀಮಸಮುದ್ರಕ್ಕೆ ಬಂದು ಎಲ್ಲರಿಗೂ ತೋರಿಸುತ್ತಾನೆ. ಈ ಸಲ ಈಜುಕೊಳದ್ದೇ ನಲವತ್ತೆಂಟು ಫೋಟೋಗಳಿದ್ದವು. ಒಂದೊಂದು ಫೋಟೋ ಮುಗಿದ ಮೇಲೂ ಶಿವಗಂಗಾ ಒಂದೊಂದು ಸಲ ನನ್ನ ಕಡೆ ನೋಡಿದಳು. ನಲವತ್ತೆಂಟು ನೋಟಗಳನ್ನು ಒಬ್ಬ ಸರ್ಕಾರಿ ಶಿಕ್ಷಕ ಎಷ್ಟೆಂದು ತಡೆದುಕೊಂಡಾನು?

"ನಿಮ್ ದೊಡ್ಡಳಿಯಂದು ಬ್ಯಾರೇನೇ ಐತೆ ಬಿಡವ್ವ," ಎಂದಳು ತಾಯಿಗೆ. "ರಜ ಬಂದ್ರೆ ಪೇಪರ್ ತಿದ್ದದು. ಪೇಪರ್ ಮುಗಿದ್ರೆ ಮಲಗದು. ಎದ್ರೆ ಮತ್ತೆ ಸ್ಕೂಲು."

"ಮೇಷ್ಟ್ರಣ್ಣ, ಈ ಬೇಸಿಗೆ ರಜಕ್ಕೆ ನೀವೂ ನಮ್ ಕಾರಿನಾಗೇ ಬರ್ರಿ. ಹದಿನೈದು ದಿನ ಸುತ್ತಾಡಿಸ್ತೀನಿ," ಎಂದ ರಾಜಕುಮಾರ್. "ಹಿಂದಿನ ಸೀಟು ನಿಮ್ದೇ."

ಹಿಂದಿನ ಸೀಟು! ಅವನ ಕಾರಿನ ಹಿಂದಿನ ಸೀಟಿನಲ್ಲಿ ನಾನು ಒಮ್ಮೆ ಚಿತ್ರದುರ್ಗದಿಂದ ಹೊಳಲ್ಕೆರೆಗೆ ಹೋಗಿದ್ದೆ. ಮುಕ್ಕಾಲು ಗಂಟೆಯ ಆ ದಾರಿಗೆ ಅವನು ಹನ್ನೊಂದು ಜೆಸಿಬಿ ಕತೆ ಹೇಳಿದ್ದ. ಹದಿನೈದು ದಿನವೆಂದರೆ!

ಭಯದಿಂದ ನನ್ನ ಬಾಯಲ್ಲಿ ಗ್ರಾಂಥಿಕ ಭಾಷೆ ಬಂದುಬಿಟ್ಟಿತು. "ಪ್ರಕೃತಿಯ ಸಾನ್ನಿಧ್ಯದಲ್ಲಿ ಪವಡಿಸಲು ಗೋಡೆಗಳ ಅವಶ್ಯಕತೆಯಾದರೂ ಏನು? ನಾನು ಟೆಂಟು ಹಾಕಿ ಎಲ್ಲರನ್ನೂ ಮಾರಿಕಣಿವೆ ಹಿನ್ನೀರಿನ ದಂಡೆಯಲ್ಲಿ ಮಲಗಿಸುತ್ತೇನೆ!"

ಪಡಸಾಲೆಯಲ್ಲಿದ್ದವರೆಲ್ಲರೂ ಒಟ್ಟಿಗೆ ನಕ್ಕರು. ಕರಾರು ಮಾಡಿದವಳು ಶಿವಗಂಗಾ. "ಆತು. ಅವ್ವನೂ ಬರ್ಲಿ. ರಾತ್ರಿ ಮಲಗಿ ಬೆಳಿಗ್ಗೆ ಎದ್ದು ಅವ್ವ ತನ್ನ ಬಾಯಿಂದ 'ಚೆನ್ನಾಗೈತೆ' ಅಂದ್ರೆ, ನಾನು ಈ ಜನ್ಮದಾಗೆ ರೆಸಾರ್ಟ್ ಅನ್ನಲ್ಲ. ಅನ್ಲಿಲ್ಲಾ, ಬೇಸಿಗೆಗೆ ಹದಿನೈದು ದಿನ ಸುಮ್ನೆ ಬಾಯಿ ಮುಚ್ಕಂಡು ಹಿಂದಿನ ಸೀಟಿಗೆ ಹತ್ತಬೇಕು."

ಅತ್ತೆ ಎಲೆಗೆ ಸುಣ್ಣ ಹಚ್ಚುತ್ತಾ, "ನಾನು ಸುಳ್ಳು ಹೇಳಾಕಿ ಅಲ್ಲ ನೋಡ್ರಿ ಮೇಷ್ಟ್ರೆ," ಎಂದರು.

ಅಂದಿನಿಂದ ನಾನು ಟೆಂಟುಗಳ ಅಧ್ಯಯನ ಆರಂಭಿಸಿದೆ. ಇನ್ನೂರು ಪುಟದ ನೋಟ್‌ಬುಕ್ಕಿನಲ್ಲಿ ಅಡ್ಡಗೆರೆ ಉದ್ದಗೆರೆ ಎಳೆದು, ಕೊಂಡವರು ಮೊಬೈಲಿನಲ್ಲಿ ಬರೆದಿದ್ದ ಅಭಿಪ್ರಾಯಗಳನ್ನೆಲ್ಲ ನಕಲು ಮಾಡಿಕೊಂಡೆ. ಟೆಂಟುಗಳಲ್ಲಿ ಎರಡು ಜಾತಿ. ಒಳಗೊಂದು ಪದರ, ಅದರ ಮೇಲೆ ಹೊರಗೊಂದು ಪದರ ಇರುವುದು ಮೇಲ್ಜಾತಿ, ಬೆಲೆಯೂ ಮೇಲೆಯೇ. ಒಂದೇ ಪದರದ್ದು ಅಗ್ಗ. ನಾನು ತರ್ಕಬದ್ಧವಾಗಿ ಯೋಚಿಸಿದೆ. ನಮ್ಮ ಹೊಸದುರ್ಗದ ಸೀಮೆಗೆ ಮಳೆಯೇ ನೆಟ್ಟಗೆ ಬರುವುದಿಲ್ಲ, ಬರದ ಮಳೆಗೆ ಎರಡು ಪದರ ಏಕೆ? ಒಂದೇ ಪದರದ್ದನ್ನು ತರಿಸಿದೆ. ನಾಲ್ಕು ಜನರಿಗಾಗುವ, ನೀಲಿ ಬಣ್ಣದ್ದು. ಡಬ್ಬಿಯ ಮೇಲೆ ಹಿಮದ ಬೆಟ್ಟವಿತ್ತು, ಅದರ ಮುಂದೆ ಇಬ್ಬರು ಬಿಳಿಯರು ಹಲ್ಲು ಬಿಟ್ಟುಕೊಂಡು ಕುಳಿತಿದ್ದರು.

ಹಾಲಿನಲ್ಲಿ ಫ್ಯಾನ್ ನಿಲ್ಲಿಸಿ ಟೆಂಟನ್ನು ನಿಲ್ಲಿಸಿದೆ. ಹತ್ತೇ ನಿಮಿಷ. ಒಳಗೆ ಹೋಗಿ ಮಲಗಿ ಮೇಲೆ ನೋಡುತ್ತೇನೆ, ಟೆಂಟಿನ ನೆತ್ತಿಯ ಹತ್ತಿರ ಆ ಕಡೆಗೊಂದು ಈ ಕಡೆಗೊಂದು, ಅರ್ಧಚಂದ್ರಾಕಾರದ ಎರಡು ಕಿಂಡಿ! ಬರೀ ಸೊಳ್ಳೆ ಬಲೆ. ಬಟ್ಟೆಯೇ ಇಲ್ಲ.

"ನೋಡಿದೆಯಾ ಗಂಗಾ? ಅಗ್ಗದ್ದಲ್ಲವೇ, ಬಟ್ಟೆ ಕಡಿಮೆ ಬಿದ್ದಿದೆ. ಬಲೆ ಹಾಕಿ ಮುಚ್ಚಿಬಿಟ್ಟಿದ್ದಾರೆ."

"ವಾಪಸ್ ಕಳ್ಸ್ರಿ ಮತ್ತೆ."

"ಕಳಿಸುವುದೇಕೆ? ಸರಿಪಡಿಸೋಣ. ಮನುಷ್ಯನಿಗೆ ವಿದ್ಯೆ ಇರುವುದೇಕೆ?"

ನಮ್ಮ ಬಸ್ ಸ್ಟ್ಯಾಂಡಿನ ಹಿಂದೆ ಆಟೋಗಳಿಗೆ ಟಾಪ್ ಹೊಲಿಯುವ ಕಾಟಲಿಂಗಪ್ಪನ ಅಂಗಡಿಯಿದೆ. ಅವನು ಕಿಂಡಿಯ ಅಂಚನ್ನು ಬೆರಳಿನಿಂದ ಸವರಿ ನೋಡಿ, "ಸಾ, ಇದು ಬೇಕಂತ್ಲೇ ಬಿಟ್ಟಂಗೈತಲ್ಲ ಸಾ. ಅಂಚು ಮಡಚಿ, ಎರಡೆರಡು ಹೊಲಿಗೆ ಹಾಕ್ಯಾರೆ. ಬಟ್ಟೆ ಕಮ್ಮಿ ಬಿದ್ದೋನು ಇಷ್ಟು ಚೆಂದ ಹೊಲೀತಾನಾ?" ಎಂದ.

"ಕಾಟಲಿಂಗಪ್ಪ, ನೀನು ಎಷ್ಟು ಓದಿದ್ದೀಯ?"

"ಏಳನೇ ಕ್ಲಾಸು ಸಾ."

"ನಾನು ಬಿ.ಎಸ್ಸಿ."

"ಹಂಗಾರೆ ಹೊಲೀತೀನಿ ಬಿಡ್ರಿ," ಎಂದು ಅವನು ಆಟೋ ಟಾಪಿನ ಕಪ್ಪು ರೆಕ್ಸಿನ್ ಕತ್ತರಿಸಿ ಎರಡೂ ಕಿಂಡಿಗಳನ್ನು ಭದ್ರವಾಗಿ ಮುಚ್ಚಿದ. ಹೊಲಿಗೆಯ ತೂತುಗಳಿಗೂ ಮೇಣ ತಿಕ್ಕಿದ. "ಇನ್ನು ಇದರೊಳಕ್ಕೆ ಒಂದು ಸೊಳ್ಳೆ ನುಗ್ಗಂಗಿಲ್ಲ ಸಾ. ಒಂದು ಹನಿ ಇಳಿಯಂಗಿಲ್ಲ. ಆದ್ರೆ ಗಾಳಿ..." ಎಂದು ಇನ್ನೂ ಏನೋ ಹೇಳುತ್ತಿದ್ದ. ನನಗೆ ಸಮಯವಿರಲಿಲ್ಲ.

ಡಿಸೆಂಬರಿನ ಒಂದು ಶನಿವಾರ. ಬೆಳಗಿನ ಶಾಲೆ ಮುಗಿಸಿ ನಾನು, ಶಿವಗಂಗಾ, ಹಿಂದಿನ ದಿನವೇ ಬಂದಿದ್ದ ಅತ್ತೆ, ಮೂವರೂ ಬಸ್ಸು ಹತ್ತಿದೆವು. ಹಿನ್ನೀರಿನ ದಂಡೆಗೆ ಹೊಂದಿಕೊಂಡಂತೆ ನನ್ನ ಚಿಕ್ಕಪ್ಪ ಚಿಕ್ಕತಿಮ್ಮಪ್ಪನವರ ಹೊಲವಿದೆ. ರಾಗಿ ಕೊಯ್ಲು ಮುಗಿದು ನೆಲ ಖಾಲಿಯಿತ್ತು. ಚಿಕ್ಕಪ್ಪ ಸೊಂಟದ ಮೇಲೆ ಕೈಯಿಟ್ಟುಕೊಂಡು ನಾನು ಟೆಂಟು ಹಾಕುವುದನ್ನೇ ನೋಡಿದರು.

"ಅಲ್ಲಪ್ಪ ಮಾರುತಿ, ಮನೇಲಿ ಐದು ಮಂಚ ಅವೆ. ನಿಮ್ಮಪ್ಪ ನಾನು ಹೊಲದಾಗೆ ಮಲಗಿ ಮಲಗಿ ಸಾಕಾಗಿ, ನೀನಾದ್ರೂ ಮಂಚದ ಮೇಲೆ ಮಲಗ್ಲಿ ಅಂತ ನಿನ್ನ ಓದಿಸಿದ್ವಿ. ಓದಿ ಓದಿ ನೀನು ಮತ್ತೆ ಹೊಲಕ್ಕೇ ಬಂದ್ಯಾ?"

"ಇದು ಬೇರೆ ಚಿಕ್ಕಪ್ಪ. ಇದು ಕ್ಯಾಂಪಿಂಗ್."

"ಹೆಸರು ಏನಾರ ಇರ್ಲಿ. ಬೆನ್ನಿಗೆ ಒತ್ತೋದು ಅದೇ ಕಲ್ಲು," ಎಂದು ಅವರು ಹೋದರು.

ಸಂಜೆ ಅವರ ಮನೆಯಿಂದ ಊಟ ಬಂತು. ಹೊಗೆಯಾಡುವ ರಾಗಿ ಮುದ್ದೆ, ಪಾತ್ರೆ ತುಂಬ ಕುದಿಕುದಿಯುವ ಹುರುಳಿ ಸಾರು. ಹೊರಗೆ ಆಗಲೇ ಇಬ್ಬನಿ ಬೀಳಲು ಶುರುವಾಗಿತ್ತು. ನಾನೇ, "ಬರ್ರಿ ಅತ್ತೆ, ಒಳಗೇ ಕುಂತು ಉಣ್ಣೋಣ" ಎಂದು ಎಲ್ಲರನ್ನೂ ಟೆಂಟಿನೊಳಗೆ ಕೂರಿಸಿ, ಚೇಳು ಬರಬಾರದೆಂದು ಜಿಪ್ಪನ್ನು ಮೂಲೆಯವರೆಗೂ ಎಳೆದೆ. ಒಳಗೆ ಬೆಚ್ಚಗೆ, ಗಮಗಮ. ಮುದ್ದೆಯ ಆವಿಯಲ್ಲಿ ಅತ್ತೆಯ ಮುಖ ಆಗಾಗ ಮರೆಯಾಗುತ್ತಿತ್ತು. ಊಟದ ಮೇಲೆ ಅವರು ತಮ್ಮ ತವರಿನ ಮೂರು ತಲೆಮಾರಿನ ಕತೆ ಹೇಳಿದರು. ಯಾರಿಗೂ ಚಳಿಯಾಗಲಿಲ್ಲ. ನಾನು ಮನಸ್ಸಿನಲ್ಲೇ ಹಿಂದಿನ ಸೀಟಿಗೆ ವಿದಾಯ ಹೇಳಿ ಮಲಗಿದೆ.

ಮೊದಲ ಹನಿ ನನ್ನ ಮೂಗಿನ ತುದಿಯ ಮೇಲೆ ಬಿದ್ದಾಗ ಬೆಳಗಿನ ಐದೂವರೆ. ಎರಡನೆಯದು ಕಣ್ಣಿಗೆ. ಮೂರನೆಯದು ಬೀಳುವ ಹೊತ್ತಿಗೆ ನಾನು ಎದ್ದು ಕುಳಿತಿದ್ದೆ. ತಲೆ ಬಟ್ಟೆಗೆ ತಾಗಿ, ಒಂದು ಚೊಂಬಿನಷ್ಟು ನೀರು ಸರಕ್ಕನೆ ಇಳಿದು ಶಿವಗಂಗಾಳ ಕತ್ತಿನೊಳಗೆ ಹೋಯಿತು.

"ಅಯ್ಯಯ್ಯೋ! ಏನ್ರೀ ಇದು?"

"ಮಳೆ! ಅಕಾಲ ಮಳೆ! ಹೆದರಬೇಡ!"

ವಿಜ್ಞಾನದ ವಿದ್ಯಾರ್ಥಿ ಯಾವುದನ್ನೂ ಪ್ರತ್ಯಕ್ಷ ನೋಡದೆ ನಂಬಬಾರದು. ಕೊಡೆ ಬಿಚ್ಚಿ ಹೊರಗೆ ಬಂದೆ. ಆಕಾಶದಲ್ಲಿ ಒಂದು ಮೋಡವಿರಲಿಲ್ಲ. ಬೆಳ್ಳಿ ಚುಕ್ಕಿ ನನ್ನನ್ನೇ ನೋಡುತ್ತಿತ್ತು. ಅದೇ ಹೊತ್ತಿಗೆ ಕೈಯಲ್ಲಿ ಚೊಂಬು ಹಿಡಿದು ಹೊರಟಿದ್ದ ಚಿಕ್ಕಪ್ಪ ಎದುರಾದರು.

"ಕೊಡೆ ಯಾಕಪ್ಪಾ?"

"ಮಳೆ ಚಿಕ್ಕಪ್ಪ."

ಅವರು ಆಕಾಶ ನೋಡಿದರು. ನನ್ನನ್ನು ನೋಡಿದರು. ಚೊಂಬನ್ನು ಇನ್ನೊಂದು ಕೈಗೆ ಬದಲಿಸಿಕೊಂಡು ಮುಂದೆ ಹೋದರು. (ಓದಿಸಿದ್ದಕ್ಕೆ ಪಶ್ಚಾತ್ತಾಪ ಪಡುವವರ ನಡಿಗೆ ಹೇಗಿರುತ್ತದೆಂದು ಅಂದು ಕಂಡೆ.)

ಮಳೆಯಲ್ಲ. ಹಾಗಾದರೆ ಹಿನ್ನೀರು ಏರಿರಬೇಕು! ಓಡಿಹೋಗಿ ನೋಡಿದೆ. ನೀರು ನಿನ್ನೆ ಇದ್ದಲ್ಲಿಯೇ, ನೂರು ಹೆಜ್ಜೆ ದೂರದಲ್ಲಿ, ತನ್ನ ಪಾಡಿಗೆ ತಾನು ಮಲಗಿತ್ತು. ಹಾಗಾದರೆ ಟೆಂಟೇ ಸೋರುತ್ತಿದೆ! ಅಗ್ಗದ ಮಾಲು! ನಾನು ಒಳಗೆ ನುಗ್ಗಿ, ಟಾರ್ಚು ಹಚ್ಚಿ, ನೋಟ್‌ಬುಕ್ಕು ತೆಗೆದು, ಒದ್ದೆ ಹಾಳೆಯ ಮೇಲೆ ಕಂಪನಿಗೆ ದೂರು ಬರೆಯತೊಡಗಿದೆ. "ಮಾನ್ಯರೆ, ತಮ್ಮ ಟೆಂಟಿನ ಮೂಲಕ ಮೋಡವಿಲ್ಲದ ಆಕಾಶದಿಂದಲೂ..."

ಅತ್ತೆ ಅಷ್ಟರಲ್ಲಿ ಎದ್ದು, ಒದ್ದೆ ರಗ್ಗನ್ನು ಪಕ್ಕಕ್ಕೆ ತಳ್ಳಿ, ಸಂಚಿ ಬಿಚ್ಚಿ ಕುಳಿತಿದ್ದರು. ಅಡಕತ್ತರಿ 'ಕಟಕ್' ಎಂದಿತು.

"ಮೇಷ್ಟ್ರೆ, ಒಂದು ಮಾತು ಕೇಳ್ಲಾ?"

"ಹೇಳಿ ಅತ್ತೆ."

"ನೀವು ನಮ್ ಗಂಗಾನ್ನ ನೋಡಾಕೆ ಬಂದ ದಿನ, ಕಾಫಿ ಲೋಟದ ಮೇಲೆ ತಟ್ಟೆ ಮುಚ್ಚಿ ಒಂದು ಕತೆ ಹೇಳಿದ್ರಿ. ನೆನಪೈತಾ?"

ನನ್ನ ಪೆನ್ನು ನಿಂತಿತು.

"ಬಿಸಿ ಆವಿ ಮೇಲಕ್ಕೆ ಹೋಗ್ತೈತೆ. ತಣ್ಣಗಿರೋದಕ್ಕೆ ತಾಗ್ತೈತೆ. ನೀರಾಗ್ತೈತೆ. ಅದು ಹೊರಗಿಂದ ಬಂದ ನೀರಲ್ಲ ಅಂದಿದ್ರಿ. ನಾನು ಹನ್ನೊಂದು ವರ್ಷದಿಂದ ಇಡ್ಲಿ ಪಾತ್ರೆ ಮುಚ್ಚಳ ತೆಗೆದಾಗೆಲ್ಲ ನಿಮ್ಮನ್ನ ನೆನೆಸ್ಕಂತೀನಿ." ಅವರು ಅಡಕತ್ತರಿಯ ತುದಿಯಿಂದ ಟೆಂಟಿನ ನೆತ್ತಿಯನ್ನು ತೋರಿಸಿದರು. "ಇದು ಮುಚ್ಚಳ. ನಾವು ಮೂರು ಇಡ್ಲಿ. ರಾತ್ರಿ ಮುದ್ದೆ ಆವಿ ಬ್ಯಾರೆ."

"ನೀನು ಹೇಳಿದ ಮೂರು ತಲೆಮಾರಿನ ಕತೆ ಬ್ಯಾರೆ," ಎಂದಳು ಶಿವಗಂಗಾ, ಸೆರಗು ಹಿಂಡುತ್ತಾ.

"ಅದೂ ಸೇರ್ಕಂಡೈತೆ. ಬಾಯಿಂದ ಬರೋದೂ ಆವಿನೇ ಅಲ್ವಾ ಮೇಷ್ಟ್ರೆ?"

"ಹೌದು ಅತ್ತೆ," ಎಂದೆ. ಹದಿನಾಲ್ಕು ವರ್ಷದಿಂದ ಎಂಟನೇ ತರಗತಿಯ ಮಕ್ಕಳಿಗೆ ನಾನು ಕೇಳುತ್ತಾ ಬಂದ ಪ್ರಶ್ನೆಗೆ ನಾನೇ ಕೊನೆಯ ಬೆಂಚಿನಿಂದ ಉತ್ತರ ಕೊಟ್ಟಂತಿತ್ತು.

"ಆ ಕರೀ ರೆಕ್ಸಿನ್ ಏನು?"

ಹೇಳಿದೆ. ಕಿಂಡಿಯ ವಿಷಯ, ಕಾಟಲಿಂಗಪ್ಪನ ವಿಷಯ, ನನ್ನ ಬಿ.ಎಸ್ಸಿ.ಯ ವಿಷಯ.

"ಪಾಪ, ಅದು ಉಸಿರಾಡ್ಲಿ ಅಂತ ಮೂಗು ಬಿಟ್ಟಿದ್ರು. ನೀವು ಕಾಸು ಕೊಟ್ಟು ಹೊಲಿಸಿಬಿಟ್ರಿ," ಎಂದು ಅತ್ತೆ ಮೊಣಕಾಲೂರಿ, ಅಡಕತ್ತರಿಯಿಂದ ಕಾಟಲಿಂಗಪ್ಪನ ಹೊಲಿಗೆಗಳನ್ನು ಒಂದೊಂದಾಗಿ ಕತ್ತರಿಸಿದರು. ರೆಕ್ಸಿನ್ ಕೆಳಗೆ ಬಿತ್ತು. ಹಿನ್ನೀರಿನ ಕಡೆಯ ಗಾಳಿ ಒಂದು ಕಿಂಡಿಯಿಂದ ಬಂದು ಇನ್ನೊಂದರಿಂದ ಹೋಯಿತು. ಟೆಂಟು ಎದೆ ಉಬ್ಬಿಸಿ ಮೊದಲ ಸಲ ಉಸಿರು ಬಿಟ್ಟಿತು.

ಏಳು ಗಂಟೆಗೆ ತೀರ್ಪು ಕೇಳಲು ರಾಜಕುಮಾರ್ ಮತ್ತು ಪಲ್ಲವಿ ಕಾರಿನಲ್ಲಿ ಬಂದರು. ಬೇಲಿಯ ಜಾಲಿಗಿಡಗಳ ಮೇಲೆ ನಮ್ಮ ರಗ್ಗು, ದಿಂಬು, ನನ್ನ ಪಂಚೆ ಎಲ್ಲವೂ ಒಣಗುತ್ತಿದ್ದವು. ಅತ್ತೆ ಮಾತ್ರ ದಂಡೆಯ ಒಂದು ಬಂಡೆಯ ಮೇಲೆ ನೀರಿನ ಕಡೆ ಮುಖ ಮಾಡಿ ಕುಳಿತಿದ್ದರು. ರಾಜಕುಮಾರ್ ಕಾರಿನಿಂದ ಇಳಿಯುವ ಮೊದಲೇ ಮೊಬೈಲ್ ಎತ್ತಿ ವಿಡಿಯೋ ಶುರು ಮಾಡಿದ.

"ಏನತ್ತೆ, ರಾತ್ರಿ ಈಜುಕೊಳ ನೀವಿದ್ದಲ್ಲಿಗೇ ಬಂದಿತ್ತಾ?"

ಅತ್ತೆ ತಿರುಗಲಿಲ್ಲ. "ಹಾಸಿಗೆ ನೆಂದೈತೆ, ನಿಜ. ಸೊಂಟ ಹಿಡ್ಕಂಡೈತೆ, ಅದೂ ನಿಜ."

ನನ್ನ ಕಣ್ಣ ಮುಂದೆ ಹಿಂದಿನ ಸೀಟಿನ ಕವರು, ಅದರ ಮೇಲಿನ ಹೂವಿನ ಚಿತ್ರ, ಎಲ್ಲವೂ ಸ್ಪಷ್ಟವಾಗಿ ಮೂಡಿತು. ಹನ್ನೆರಡನೆಯ ಜೆಸಿಬಿ ಕತೆ ಕಿವಿಯಲ್ಲಿ ಆರಂಭವಾಯಿತು.

"ಆದ್ರೆ ಒಂದು ಮಾತು ಹೇಳ್ತೀನಿ ಕೇಳು ರಾಜಕುಮಾರಪ್ಪ. ನನ್ ಮದುವೆ ಆಗಿ ನಲವತ್ತೆರಡು ವರ್ಷ ಆತು. ಅವತ್ತಿಂದ ದಿನಾ ಬೆಳಿಗ್ಗೆ ಎದ್ದು ಒಲೆ ಮುಂದೆ ಕುಂತಿದೀನಿ. ನಿಮ್ ಮನೆಗೆ ಬಂದ್ರೂ ಅಷ್ಟೆ, ಒಲೆ ಹೋಗಿ ಗ್ಯಾಸ್ ಆಗಿರ್ತೈತೆ. ಇವತ್ತೊಂದಿನ ಎದ್ದು ನೀರಿನ ಮುಂದೆ ಕುಂತಿದೀನಿ. ಹೊತ್ತು ಹುಟ್ಟಿದ್ದು ನೋಡ್ದೆ. ಒಬ್ರೂ ಕಾಫಿ ಕೇಳ್ಲಿಲ್ಲ." ಅವರು ಈಗ ತಿರುಗಿದರು. "ಚೆನ್ನಾಗೈತೆ."

ಗೆಳೆಯರೆ, ಚಿತ್ರದುರ್ಗದ ಕೋಟೆ ಗೆದ್ದವರಿಗೂ ಅಂಥ ಸಂತೋಷವಾಗಿರಲಾರದು. ರಾಜಕುಮಾರ್ ಮೊಬೈಲ್ ಇಳಿಸಿದ. "ಅದೇನೈತೆ ಅಂಥಾದ್ದು ಒಳಗೆ, ನೋಡೇಬಿಡಾಣ" ಎಂದು ತಪ್ಪು ಹುಡುಕಲು ಟೆಂಟಿನೊಳಗೆ ತೂರಿದ. ಒಂದು ನಿಮಿಷ ಸದ್ದಿಲ್ಲ. ಐದು ನಿಮಿಷ ಸದ್ದಿಲ್ಲ. ಆಮೇಲೆ ಗೊರಕೆ ಕೇಳಿಸಿತು.

"ಎಲಾ ಇವ್ರಾ! ರೆಸಾರ್ಟ್‌ನಾಗೆ ಎಸಿ ಹಾಕಿದ್ರೂ ನಿದ್ದೆ ಬರಲ್ಲ ಅಂತ ನನ್ ಪ್ರಾಣ ತಿಂತಾರೆ," ಎಂದಳು ಪಲ್ಲವಿ.

ಅವನು ಎದ್ದದ್ದು ಹತ್ತೂವರೆಗೆ. ಅಷ್ಟು ಹೊತ್ತು ಶಿವಗಂಗಾ ನನ್ನನ್ನು ಒಂದೇ ಸಲ ನೋಡಿದಳು. ಅದು ನಲವತ್ತೊಂಬತ್ತನೆಯ ನೋಟ, ಉಳಿದ ನಲವತ್ತೆಂಟನ್ನೂ ತೊಳೆದು ಒಣಹಾಕುವಂಥದ್ದು. ಮಾತಿಗೆ ತಪ್ಪದೆ, ಇಂದಿನವರೆಗೂ ಅವಳು ರೆಸಾರ್ಟ್ ಎಂಬ ಪದವನ್ನು ಎತ್ತಿಲ್ಲ. ನಾನು ಗೆದ್ದೆ. ಸಂಪೂರ್ಣವಾಗಿ ಗೆದ್ದೆ.

ಗೆದ್ದ ಮೇಲೆ ಭಾನುವಾರಗಳನ್ನು ನಿದ್ದೆ ಮಾಡಿ ಕಳೆಯಬಹುದೆಂದು ಎಣಿಸಿದ್ದೆ. ಟೆಂಟು ಮಡಚಿ ಚೀಲಕ್ಕೆ ತುರುಕುವಾಗಲೇ ಅತ್ತೆ, "ಮುಂದಿನ ತಿಂಗಳು ಯಾವ ಕಡೆ ಮೇಷ್ಟ್ರೆ? ಹಿರಿಯೂರಿನ ಕಡೆ ದಂಡೆ ಇನ್ನೂ ಚೆಂದ ಐತಂತೆ," ಎಂದರು.

"ನಾನೂ ಬರ್ತೀನವ್ವ," ಎಂದಳು ಪಲ್ಲವಿ.

"ಕಾರು ನಾನು ತರ್ತೀನಿ," ಎಂದ ರಾಜಕುಮಾರ್, ಆಕಳಿಸುತ್ತಾ.

ಈಗ ತಿಂಗಳಿಗೊಂದು ಶನಿವಾರ ನಾವು ಐವರೂ ಹೋಗುತ್ತೇವೆ. ನಾಲ್ಕು ಜನರ ಟೆಂಟಿನಲ್ಲಿ ಅತ್ತೆ, ಅವರ ಇಬ್ಬರು ಹೆಣ್ಣುಮಕ್ಕಳು ಮತ್ತು ಎಲೆ ಅಡಿಕೆಯ ಸಂಚಿ ಮಲಗಿದರೆ ಜಾಗ ಮುಗಿಯುತ್ತದೆ. ಷಡ್ಡಕ ಕಾರಿನ ಮುಂದಿನ ಸೀಟು ಬಾಗಿಸಿಕೊಂಡು ಮಲಗುತ್ತಾನೆ. ನಾನು ಹಿಂದಿನ ಸೀಟಿನಲ್ಲಿ, ಮೊಣಕಾಲನ್ನು ಗದ್ದಕ್ಕೆ ತಾಗಿಸಿಕೊಂಡು ಮಲಗುತ್ತೇನೆ. ಜೆಸಿಬಿ ಕತೆ ಅರವತ್ತನೆಯದಕ್ಕೆ ಬಂದಿದೆ.

ಒಂದೇ ಪದರದ ಟೆಂಟು ಕಿಂಡಿ ಬಿಟ್ಟರೂ ಅಷ್ಟಿಷ್ಟು ಬೆವರುತ್ತದೆ. ಏಕನಾಥಮ್ಮನವರು ಬೆಳಿಗ್ಗೆ ಎದ್ದು ಅದನ್ನು ನನ್ನ ಹಳೆಯ ಪಂಚೆಯಿಂದ ಒರೆಸುತ್ತಾರೆ. ಆಮೇಲೆ ನೀರಿನ ಮುಂದೆ ಕುಳಿತು ಎಲೆ ಅಡಿಕೆ ಹಾಕಿಕೊಳ್ಳುತ್ತಾರೆ. ಟೆಂಟು ನೋಡಲು ಬಂದ ಊರಿನವರಿಗೆ, ಆವಿ ಹೇಗೆ ನೀರಾಗುತ್ತದೆ ಎಂದು ಪಾಠ ಮಾಡುತ್ತಾರೆ.